ಹನ್ನೊಂದನೆಯ ಬುಟ್ಟಿ

ರಾತ್ರಿ ಮೈನಸ್ ನಾಲ್ಕು.
ಬೆಳಿಗ್ಗೆ ಕೇಲ್ ಸಾಲಿನ ಮೇಲೆ
ಯಾರೋ ಉಪ್ಪು ಎರಚಿ ಹೋದ ಹಾಗಿತ್ತು.
ಮುಟ್ಟಬೇಡಿ, ಎಂದಳು ಗಿಲೇನ್,
ಹೆಪ್ಪುಗಟ್ಟಿದ ಎಲೆ ಗಾಜಿದ್ದಂತೆ,
ಮುಟ್ಟಿದಲ್ಲೆಲ್ಲ ಬೆರಳು ಕಪ್ಪಾಗಿ ಉಳಿಯುತ್ತದೆ.
ಹಾಗಾಗಿ ಹತ್ತು ಗಂಟೆಯವರೆಗೂ
ಶೆಡ್ಡಿನಲ್ಲಿ ಕೂತು ಚೀಟಿ ಬರೆದೆವು,
ಕಾಫಿ ಕುಡಿದೆವು,
ಬಿಸಿಲು ಬಂದು ತನ್ನ ಪಾಲಿನ ಕೆಲಸ ಮುಗಿಸಲೆಂದು ಕಾದೆವು.

ಇದು ವರ್ಷದ ಕೊನೆಯ ಗುರುವಾರ.
ನಲವತ್ತಮೂರು ಮನೆಗಳು ಮಾರ್ಚಿಯಲ್ಲೇ ದುಡ್ಡು ಕಟ್ಟಿದ್ದವು,
ಹೊಲ ಮೊಣಕಾಲುದ್ದ ಹಿಮದಡಿ ಮಲಗಿದ್ದಾಗ,
ಬೀಜ ಇನ್ನೂ ಲಕೋಟೆಯೊಳಗಿದ್ದಾಗ.
ಬಂದರೆ ಎಲ್ಲರಿಗೂ, ಹೋದರೆ ಎಲ್ಲರಿಗೂ,
ಕರಾರು ಅಷ್ಟೆ.
ಜುಲೈನಲ್ಲಿ ಹನ್ನೆರಡೇ ನಿಮಿಷದ ಆಲಿಕಲ್ಲು
ಎಲೆಕೋಸನ್ನು ಜರಡಿ ಮಾಡಿತು.
ಫೋನು ಮಾಡಿ ಯಾರೂ ಬೈಯಲಿಲ್ಲ.
(ಒಬ್ಬ ಬೈದ. ಹಲ್ಲಿನ ಡಾಕ್ಟರು.
ಅವನಿಗೂ ಹೋದದ್ದು ಅದೇ ಜರಡಿ.)

ನಾನು ಅರ್ಧ ದುಡ್ಡು ಕೊಟ್ಟವಳು,
ಉಳಿದರ್ಧ ನೀರಲ್ಲಿ ತೀರಿಸುತ್ತೇನೆ:
ಲೀಕ್ ತೊಳೆಯುವುದು, ಬೇರು ಕತ್ತರಿಸುವುದು,
ಪದರದೊಳಗೆ ಪದರ, ಪದರದೊಳಗೆ ಮಣ್ಣು.
ಹನ್ನೊಂದಕ್ಕೆ ಬೆರಳು ನನ್ನವಲ್ಲ,
ಹನ್ನೆರಡಕ್ಕೆ ಬೀಟ್‌ರೂಟಿನವು.
ಆಚೆ ರೊಸೈರ್ ಕವಲುಗುದ್ದಲಿ ಊರಿ ಗಜ್ಜರಿ ಎಬ್ಬಿಸುತ್ತಾನೆ.
ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವನು,
ಈಗಲೂ ಗದರುತ್ತಾನೆ ಸಾಲಿಗೆ:
ಒಬ್ಬೊಬ್ಬರೇ, ತಳ್ಳಬೇಡಿ.
ಎರಡು ಕಾಲಿನದು, ಮೂರು ಕಾಲಿನದು,
ಒಂದನ್ನೊಂದು ತಬ್ಬಿ ಬಿಡದ ಜೋಡಿ.
ಚಳಿ ಕಚ್ಚಿದಷ್ಟೂ ಸಿಹಿ ಎಂದು
ಪ್ಯಾಂಟಿಗೆ ಒರೆಸಿ ಒಂದನ್ನು ನನ್ನ ಬಾಯಿಗೇ ಹಿಡಿದ.
ಹಿಮಬಾತುಗಳು ಮೇಲೆ
ಜಗಳ ಮುಗಿಸದೆಯೇ ದಕ್ಷಿಣಕ್ಕೆ ಹೋದವು.

ಚೀಟಿಯಲ್ಲಿ ಹನ್ನೊಂದು ಇನ್ನೂ ದೆನೇಜ್.
ಆಗಸ್ಟಿನಲ್ಲಿ, ಟೊಮೆಟೊ ವಾರ, ತೀರಿಕೊಂಡಳು,
ಎಂಬತ್ತಾರರ, ಹೆಸರಲ್ಲೇ ಹಿಮವಿದ್ದ ಹೆಂಗಸು.
ತಂಗಿಯ ಮಗಳು ಫೋನಿನಲ್ಲಿ, ಏನಾದರೂ ಮಾಡಿ, ಎಂದಳಂತೆ.
ಗಿಲೇನ್ ಹೆಸರು ಹೊಡೆದುಹಾಕಲಿಲ್ಲ.
ಅಕ್ಟೋಬರ್ ಮುಗಿಯುವವರೆಗೆ ಕಟ್ಟಿದ್ದಾಳೆ, ಎಂದಳು,
ಲೆಕ್ಕ ಲೆಕ್ಕವೇ.

ಹೀಗೆ ಪ್ರತಿ ಗುರುವಾರ ಶೆರ್ಬ್ರುಕ್‌ನಲ್ಲಿ,
ಶಾಲೆಯ ಹಿಂದಿನ ಕಾರು ನಿಲ್ಲಿಸುವ ಜಾಗದಲ್ಲಿ,
ಮೇಜಿನ ತುದಿಗೆ ಒಡತಿಯಿಲ್ಲದ ಬುಟ್ಟಿ.
ಮೊದಲ ವಾರ ಯಾರೂ ಅತ್ತ ನೋಡಲಿಲ್ಲ.
ಎರಡನೇ ವಾರ ಮಿರ್ಲಾಂಡ್, ಹೈಟಿಯವಳು,
ತನಗೊಲ್ಲದ ಸೋಂಪುಗೆಡ್ಡೆ ಅದರಲ್ಲಿಟ್ಟು
ಹಿಡಿ ಮೆಣಸಿನಕಾಯಿ ಎತ್ತಿಕೊಂಡಳು,
ಎತ್ತಿಕೊಳ್ಳುವ ಮುನ್ನ ಬುಟ್ಟಿಯನ್ನೇ ಕೇಳಿದಳು.
ಆಮೇಲೆ ಅದೇ ರೂಢಿಯಾಯಿತು,
ಬೇಡದ್ದು ಇಡು, ಬೇಕಾದ್ದು ತಗೋ.

ಪಾಲಿಗೆ ಬಂದದ್ದು ಪಂಚಾಮೃತ,
ಈ ಮಾತು ದೆನೇಜ್ ಮುಂದೆ ನಡೆಯುತ್ತಿರಲಿಲ್ಲ.
ರುಟಬಾಗ ಬಂತೆಂದರೆ, ಇಲ್ಲಿನವರು
ಸಯಾಮ್ ಕೋಸು ಎಂದು ಕರೆಯುವ,
ಸಯಾಮನ್ನು ಕಂಡೇ ಇರದ ಗೆಡ್ಡೆ,
ನೇರ ನನ್ನ ಕೈಗೆ ವಾಪಸು ತುರುಕುತ್ತಿದ್ದಳು:
ಹನ್ನೆರಡು ಮಕ್ಕಳ ಮನೆ ನಮ್ಮದು.
ಇದನ್ನು ತಿಂದದ್ದು ಜೀವಮಾನಕ್ಕೆ ಸಾಕು.

ಐದಕ್ಕೆಲ್ಲ ಕತ್ತಲು.
ವ್ಯಾನಿನ ದೀಪದ ಬೆಳಕಲ್ಲಿ ಒಬ್ಬೊಬ್ಬರೇ ಬಂದು
ಖಾಲಿ ಡಬ್ಬಿ, ಜಾಮಿನ ಶೀಶೆ, ಮುಂದಿನ ವರ್ಷದ ಚೆಕ್ಕು ಕೊಟ್ಟು ಹೋದರು.
ಹಲ್ಲಿನ ಡಾಕ್ಟರೂ ಬಂದ.
ಮೇಜು ಮಡಚುವಾಗ ಹನ್ನೊಂದರೊಳಗೆ ಇಣುಕಿದೆವು:
ಬರೀ ಸಯಾಮ್ ಕೋಸು.
ಒಂದಲ್ಲ, ಎರಡಲ್ಲ, ಹದಿನಾಲ್ಕು.

ಗಿಲೇನ್ ನಕ್ಕಳು,
ನಕ್ಕೂ ನಕ್ಕೂ ಮಣ್ಣಿನ ತೋಳಿಂದಲೇ ಕಣ್ಣೊರೆಸಿಕೊಂಡು
ಮುಖವೆಲ್ಲ ಹೊಲವಾಯಿತು.
ರೊಸೈರ್ ಬುಟ್ಟಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿ
ಬೆಲ್ಟು ಹಾಕಿದ.

ಒಂದನ್ನು ನಾನು ಮನೆಗೆ ತಂದೆ.
ಬೆಣ್ಣೆ, ಕಾಳುಮೆಣಸು, ಒಂದು ಗಂಟೆ ಉರಿ.
ಅವಳು ಹೇಳಿದ್ದು ಸುಳ್ಳೇನಲ್ಲ.
ತಟ್ಟೆ ಖಾಲಿ ಮಾಡಿದೆ.